ಯುಎಪಿಎ, ಮಕೋಕಾ, ಜಾಮೀನು: ಮುಂಬಯಿಯ ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಹೇಳಿಬಿಡುತ್ತೇನೆ, ನಾನು ವಕೀಲ ಅಲ್ಲ. ಕುಂದಾಪುರ ಕಡೆಯಿಂದ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಆಮೇಲೆ ಫೋರ್ಟಿನಲ್ಲಿ ಒಬ್ಬ ವಕೀಲರ ಆಫೀಸಿನಲ್ಲಿ 24 ವರ್ಷ ಫೈಲು ಹೊತ್ತವನು. ಅದಕ್ಕೇ ಇರಬೇಕು, ಮಾಟುಂಗಾದಲ್ಲಿ ಯಾವುದೋ ಮದುವೆ ಊಟಕ್ಕೆ ಕೂತರೂ, ಡೊಂಬಿವಲಿಯಲ್ಲಿ ಸತ್ಯನಾರಾಯಣ ಪೂಜೆಗೆ ಹೋದರೂ ಯಾರಾದರೂ ಪಕ್ಕಕ್ಕೆ ಬಂದು ಭಯೋತ್ಪಾದನೆ, ಸಂಘಟಿತ ಅಪರಾಧ ತಡೆಯಲು ಮಾಡಿದ ಈ ಕಾನೂನುಗಳ ಬಗ್ಗೆಯೇ ಕೇಳುತ್ತಾರೆ. ಎಲೆ ಮುಂದೆ ಕೂತು ಎಷ್ಟು ಸಲ ಹೇಳುವುದು? ಇಲ್ಲಿ ಬರೆದಿದ್ದೇನೆ. ನಿಮ್ಮದೇ ಕೇಸು ಇದ್ದರೆ ಇದನ್ನು ನಂಬಿ ಕೂರಬೇಡಿ, ವಕೀಲರ ಹತ್ತಿರ ಹೋಗಿ.

ಟಾಡಾ, ಪೋಟಾ, ಯುಎಪಿಎ, ಮಕೋಕಾ... ಎಷ್ಟು ಕಾನೂನು ಮಾರಾಯ್ರೆ ಇವು?

ಟಾಡಾ ಬಂದದ್ದು 1985ರಲ್ಲಿ, ಇಂದಿರಾ ಗಾಂಧಿ ಹತ್ಯೆಯ ಮರುವರ್ಷ. 1995ರಲ್ಲಿ ಅವಧಿ ಮುಗಿಯಿತು, ಯಾರೂ ಮುಂದುವರಿಸಲಿಲ್ಲ. ಆದರೆ ಕಾನೂನು ಸತ್ತರೂ ಕೇಸು ಸಾಯುವುದಿಲ್ಲ. 1993ರ ಮಾರ್ಚ್ 12ರ ಸರಣಿ ಸ್ಫೋಟದ ಕೇಸು ಟಾಡಾದಲ್ಲೇ ನಡೆದು, ಕೆಳಗಿನ ಕೋರ್ಟು ಶಿಕ್ಷೆಗಳನ್ನು ಹೇಳಿ ಮುಗಿಸಿದ್ದು 2007ರಲ್ಲಿ. ಅವತ್ತು ಸತ್ತವರು 257 ಮಂದಿ. ಶೇರು ಪೇಟೆ, ಏರ್ ಇಂಡಿಯಾ ಕಟ್ಟಡ, ದಾದರಿನ ಪ್ಲಾಜಾ ಟಾಕೀಸು... ಹಳಬರಿಗೆ ಇನ್ನೂ ನೆನಪಿದೆ.

ಪೋಟಾ 2002ರಲ್ಲಿ ಬಂತು, 2004ರಲ್ಲಿ ಹೋಯಿತು. ಅಮೆರಿಕದ ಅವಳಿ ಗೋಪುರ ಬಿದ್ದ ಮರು ತಿಂಗಳೇ ಸುಗ್ರೀವಾಜ್ಞೆ ಹೊರಟಿತ್ತು. ನಡುವೆ ಪಾರ್ಲಿಮೆಂಟಿನ ಮೇಲೂ ದಾಳಿ ಆಯಿತು. ಆಮೇಲೆ ಎರಡೂ ಸದನ ಒಟ್ಟಿಗೆ ಕೂತು ಪಾಸು ಮಾಡಿದವು.

ಯುಎಪಿಎ ಹೊಸದು ಅಂತ ತುಂಬಾ ಜನ ತಿಳಿದಿದ್ದಾರೆ. ಅದು 1967ರದ್ದು! ಆಗ ಅದರಲ್ಲಿ ಭಯೋತ್ಪಾದನೆಯ ಮಾತೇ ಇರಲಿಲ್ಲ, ಕಾನೂನುಬಾಹಿರ ಸಂಘಟನೆಗಳನ್ನು ನಿಷೇಧಿಸುವುದಷ್ಟೇ. ಪೋಟಾ ರದ್ದು ಮಾಡಿದ 2004ರಲ್ಲೇ ಅದರ ಸಾಮಾನನ್ನು ಇದರೊಳಗೆ ತಂದಿಟ್ಟರು. ಬಾಡಿಗೆ ಮನೆ ಬಿಟ್ಟು ಅಣ್ಣನ ಮನೆಗೆ ಟ್ರಂಕು ಸಾಗಿಸಿದ ಹಾಗೆ. 26/11 ಆದ ಮೇಲೆ, 2008ರ ಡಿಸೆಂಬರಿನಲ್ಲಿ, ಇನ್ನೂ ಗಟ್ಟಿ ಮಾಡಿದರು. ಎನ್‌ಐಎ, ಅಂದರೆ ರಾಷ್ಟ್ರೀಯ ತನಿಖಾ ಸಂಸ್ಥೆ, ಹುಟ್ಟಿದ್ದೂ ಆಗಲೇ. 2019ರಲ್ಲಿ ಸಂಘಟನೆ ಮಾತ್ರ ಅಲ್ಲ, ಒಬ್ಬ ಮನುಷ್ಯನನ್ನೂ ಭಯೋತ್ಪಾದಕ ಅಂತ ಸರ್ಕಾರ ಪಟ್ಟಿಗೆ ಸೇರಿಸಬಹುದು ಅಂತ ಆಯಿತು. ಅದಕ್ಕೆ ಕೋರ್ಟಿನ ತೀರ್ಪು ಬೇಕಿಲ್ಲ.

ಮಕೋಕಾ ಮಹಾರಾಷ್ಟ್ರದ್ದು, 1999. ಭೂಗತ ಗ್ಯಾಂಗುಗಳಿಗೆ ಅಂತ ಮಾಡಿದ್ದು. ಕರ್ನಾಟಕದಲ್ಲೂ ಇದನ್ನೇ ನೋಡಿ ಕೋಕಾ ಮಾಡಿಕೊಂಡರು. 2024ರ ಜುಲೈ 1ರಿಂದ ಮಾಮೂಲಿ ದಂಡ ಸಂಹಿತೆಯೊಳಗೇ, ಅಂದರೆ ಭಾರತೀಯ ನ್ಯಾಯ ಸಂಹಿತೆಯ 113ನೇ ಸೆಕ್ಷನ್ನಿನಲ್ಲಿ, ಭಯೋತ್ಪಾದಕ ಕೃತ್ಯ ಅಂತ ಒಂದು ಅಪರಾಧ ಇದೆ. ಯಾವುದರಲ್ಲಿ ಕೇಸು ಹಾಕುವುದು ಅಂತ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ತೀರ್ಮಾನ ಮಾಡಬೇಕು.

ಕೊಲೆಗೆ ಕಾನೂನು ಇದ್ದೇ ಇದೆಯಲ್ಲ, ಬೇರೆ ಯಾಕೆ?

ಬಾಂಬು ಇಟ್ಟವನು ಒಬ್ಬ, ದುಡ್ಡು ಕೊಟ್ಟವನು ಇನ್ನೊಬ್ಬ, ಇವನನ್ನು ಕಳಿಸಿದವನು ಇನ್ನೆಲ್ಲೋ ಗಡಿಯಾಚೆ. ಮಾಮೂಲಿ ಕೊಲೆ ಕೇಸಿನ ಹಾಗೆ 90 ದಿನದಲ್ಲಿ ಚಾರ್ಜ್‌ಶೀಟ್ ಹಾಕಿ ಅಂದರೆ ಬ್ಯಾಂಕಿನ ಕಾಗದ, ಫೋನಿನ ದಾಖಲೆ, ಹೊರದೇಶದ ಉತ್ತರ ಇದೆಲ್ಲ ಕೈಗೆ ಬಂದಿರುವುದಿಲ್ಲ. ಸಾಕ್ಷಿ ಹೇಳುವವರು ಹೆದರುತ್ತಾರೆ. ಇದು ಸುಳ್ಳಲ್ಲ. ಈ ಊರಿನಲ್ಲಿ 1993, 2006, 2008 ಮೂರನ್ನೂ ನೋಡಿದವನು ನಾನು. ಇಂಥ ಕಾನೂನೇ ಬೇಡ ಅನ್ನುವವರ ಜೊತೆ ನನ್ನ ವಾದ ಇದ್ದೇ ಇದೆ. ಆದರೆ ನನ್ನ ತಕರಾರು ಬೇರೆ ಕಡೆ ಇದೆ. ಮುಂದಿನ ಪ್ರಶ್ನೆ ಓದಿ.

ಜಾಮೀನು ಯಾಕೆ ಸಿಗುವುದಿಲ್ಲ? ಆರೋಪ ಸಾಬೀತೇ ಆಗಿಲ್ಲವಲ್ಲ?

ಇಡೀ ಜಗಳದ ಬೇರು ಇಲ್ಲಿದೆ, ಸ್ವಲ್ಪ ನಿಧಾನವಾಗಿ ಓದಿ.

ಮಾಮೂಲಿ ಕೇಸಿನಲ್ಲಿ ಜಡ್ಜ್ ನೋಡುವುದು ಮೂರು ವಿಷಯ. ಇವನು ಓಡಿಹೋಗುತ್ತಾನಾ, ಸಾಕ್ಷಿಗಳನ್ನು ಹೆದರಿಸುತ್ತಾನಾ, ಮತ್ತೆ ಅದೇ ಕೆಲಸ ಮಾಡುತ್ತಾನಾ. ಯುಎಪಿಎಯ 43ಡಿ ಸೆಕ್ಷನ್ನಿನ 5ನೇ ಉಪವಿಧಿ ಬೇರೆಯೇ ಹೇಳುತ್ತದೆ. ಪೊಲೀಸರ ಡೈರಿ, ಚಾರ್ಜ್‌ಶೀಟ್ ನೋಡಿದಾಗ ಆರೋಪ ಮೇಲ್ನೋಟಕ್ಕೆ ನಿಜ ಅಂತ ನಂಬಲು ಕಾರಣ ಇದ್ದರೆ ಜಾಮೀನು ಕೊಡುವ ಹಾಗಿಲ್ಲ. ನೋಡುವುದು ಯಾರ ಕಾಗದ? ಪೊಲೀಸರದ್ದು. 2019ರಲ್ಲಿ ವಟಾಲಿ ಎಂಬವರ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಇನ್ನೂ ಬಿಗಿ ಮಾಡಿತು. ಜಾಮೀನಿನ ಹಂತದಲ್ಲಿ ಆ ಸಾಕ್ಷ್ಯವನ್ನು ಕೆದಕಿ ತೂಗಿ ನೋಡಬೇಡಿ, ಒಟ್ಟಾರೆ ನೋಡಿ ಸಾಕು ಅಂದಿತು. ಅಂದರೆ ಸಾಕ್ಷಿಯ ಮಾತು ಸುಳ್ಳು ಅಂತ ತೋರಿಸಲು ನೀವು ವಿಚಾರಣೆಯವರೆಗೆ ಕಾಯಬೇಕು. ವಿಚಾರಣೆ ಯಾವಾಗ? ಅದು ದೇವರಿಗೇ ಗೊತ್ತು.

ಚಾರ್ಜ್‌ಶೀಟ್ ಹಾಕಲು 180 ದಿನದವರೆಗೆ ಸಮಯ ಸಿಗಬಹುದು, ಸರ್ಕಾರಿ ವಕೀಲರು ಕಾರಣ ಕೊಟ್ಟು ಕೇಳಬೇಕು ಅಷ್ಟೇ. ನಿರೀಕ್ಷಣಾ ಜಾಮೀನು, ಅಂದರೆ ಬಂಧನಕ್ಕೆ ಮೊದಲೇ ಪಡೆಯುವ ಜಾಮೀನು, ಇಲ್ಲವೇ ಇಲ್ಲ. ಮಕೋಕಾದಲ್ಲಿ ಇನ್ನೂ ಕಷ್ಟ. ಇವನು ತಪ್ಪಿತಸ್ಥ ಅಲ್ಲ ಅಂತ ನಂಬಲು ಕಾರಣ ಇದೆ ಎಂದು ಜಡ್ಜಿಗೇ ಅನಿಸಬೇಕು.

ಬಾಗಿಲು ಪೂರ್ತಿ ಮುಚ್ಚಿಲ್ಲ. 2021ರ ಫೆಬ್ರವರಿಯಲ್ಲಿ ನಜೀಬ್ ಎಂಬವರ ಕೇಸಿನಲ್ಲಿ ಸುಪ್ರೀಂ ಕೋರ್ಟು, ಆರೋಪಿ ವರ್ಷಗಟ್ಟಲೆ ಒಳಗಿದ್ದು ವಿಚಾರಣೆ ಮುಗಿಯುವ ಲಕ್ಷಣ ಕಾಣದಿದ್ದರೆ 43ಡಿ ಇದ್ದರೂ ಜಾಮೀನು ಕೊಡಬಹುದು, ಯಾಕೆಂದರೆ ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿ ಅದಕ್ಕಿಂತ ದೊಡ್ಡದು ಅಂತ ಹೇಳಿತು. ಅವರು ಆಗಲೇ ಐದು ವರ್ಷಕ್ಕಿಂತ ಜಾಸ್ತಿ ಜೈಲಿನಲ್ಲಿದ್ದರು. ಗಮನಿಸಿ, ಜಾಮೀನು ಕೇಳುವ ಅರ್ಹತೆ ಬರಲಿಕ್ಕೇ ಐದು ವರ್ಷ ಕಳೆಯಬೇಕಾಯಿತು. ನನ್ನ ತಕರಾರು ಇಷ್ಟೇ. ಈ ಕಾನೂನುಗಳಲ್ಲಿ ಶಿಕ್ಷೆ ತೀರ್ಪಿನ ದಿನ ಶುರು ಆಗುವುದಿಲ್ಲ, ಹಿಡಿದ ದಿನವೇ ಶುರು ಆಗುತ್ತದೆ. ತೀರ್ಪು ಖುಲಾಸೆ ಅಂತ ಬಂದರೆ ಆ ವರ್ಷಗಳನ್ನು ಯಾರೂ ವಾಪಸ್ ಕೊಡುವುದಿಲ್ಲ.

ಪೊಲೀಸರ ಮುಂದೆ ಒಪ್ಪಿಕೊಂಡರೆ ಮುಗಿಯಿತಲ್ವಾ?

ಮಾಮೂಲಿ ಕಾನೂನಿನಲ್ಲಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಗೆ ಕೋರ್ಟಿನಲ್ಲಿ ಬೆಲೆಯೇ ಇಲ್ಲ. ಬ್ರಿಟಿಷರೇ ಮಾಡಿಟ್ಟ ನಿಯಮ ಅದು, ಅವರಿಗೂ ತಮ್ಮ ಪೊಲೀಸರ ಲಾಠಿಯ ಪರಿಚಯ ಇತ್ತು. ಟಾಡಾ, ಪೋಟಾ, ಮಕೋಕಾ ಈ ಮೂರರಲ್ಲಿ ಎಸ್‌ಪಿ ಅಥವಾ ಮೇಲಿನ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆ ನಡೆಯುತ್ತದೆ. ಯುಎಪಿಎಯಲ್ಲಿ ನಡೆಯುವುದಿಲ್ಲ. ತುಂಬಾ ಜನ ಓದಿದವರೂ ಇದನ್ನು ಕಲಸಿಬಿಡುತ್ತಾರೆ.

2006ರ ರೈಲು ಸ್ಫೋಟದ ಕೇಸಿನಲ್ಲಿ ಎಲ್ಲರನ್ನೂ ಬಿಟ್ಟರಲ್ಲ, ಹಾಗಾದ್ರೆ ಬಾಂಬು ಇಟ್ಟವರು ಯಾರು?

ಈ ಪ್ರಶ್ನೆ ನನಗೆ ಮೊದಲು ಕೇಳಿದವರು ನಮ್ಮ ಕಡೆಯವರೇ, ಬ್ಯಾಂಕಿನಲ್ಲಿದ್ದು ಈಗ ನಿವೃತ್ತರು. 2006ರ ಜುಲೈ 11ರ ಸಂಜೆ ಅವರು ಚರ್ಚ್‌ಗೇಟಿನಿಂದ ಮನೆಗೆ ಹೊರಟಿದ್ದರು. ಬಾಂಬು ಇದ್ದದ್ದು ಫಸ್ಟ್ ಕ್ಲಾಸ್ ಡಬ್ಬಿಯಲ್ಲಿ, ಇವರು ಪಕ್ಕದ ಡಬ್ಬಿಯ ಬಾಗಿಲಲ್ಲಿ ನಿಂತಿದ್ದರು. ಎಡಗಿವಿ ಹೋಯಿತು. ಇವತ್ತಿಗೂ ಫೋನು ಬಂದರೆ ಅಭ್ಯಾಸದಿಂದ ಎಡಗೈಯಲ್ಲಿ ಎತ್ತಿ, ಒಂದು ಕ್ಷಣ ಎಡಗಿವಿಗೆ ಹಿಡಿದು, ಆಮೇಲೆ ನೆನಪಾಗಿ ಬಲಕ್ಕೆ ಬದಲಾಯಿಸುತ್ತಾರೆ. ಎಲ್ಲರೂ ಅವರ ಜೊತೆ ಮಾತಾಡುವಾಗ ಮೊದಲ 'ಹಲೋ'ವನ್ನು ಎರಡು ಸಲ ಹೇಳುತ್ತೇವೆ. 2025ರ ಜುಲೈ 21ರ ಸೋಮವಾರ ಅವರೇ ಫೋನ್ ಮಾಡಿ, "ಹಾಗಾದ್ರೆ ಇಟ್ಟದ್ದು ಯಾರು ಮಾರಾಯ?" ಅಂತ ಕೇಳಿದರು. ಮತ್ತೇನೂ ಮಾತಾಡಲಿಲ್ಲ.

ನಡೆದದ್ದು ಇಷ್ಟು. ಪಶ್ಚಿಮ ರೈಲ್ವೆಯ ಲೋಕಲ್‌ಗಳಲ್ಲಿ ಹನ್ನೊಂದು ನಿಮಿಷದೊಳಗೆ ಏಳು ಸ್ಫೋಟ, 180ಕ್ಕೂ ಹೆಚ್ಚು ಸಾವು. ಮಾಟುಂಗಾ ರೋಡ್, ಮಾಹಿಮ್‌ನಿಂದ ಹಿಡಿದು ಮೀರಾ ರೋಡ್ ತನಕ. 13 ಜನರ ಮೇಲೆ ಮಕೋಕಾ ಕೇಸು ನಡೆಯಿತು. 2015ರಲ್ಲಿ ವಿಶೇಷ ಕೋರ್ಟು 12 ಜನರಿಗೆ ಶಿಕ್ಷೆ ಕೊಟ್ಟಿತು, ಐವರಿಗೆ ಗಲ್ಲು, ಏಳು ಜನರಿಗೆ ಜೀವಾವಧಿ. ಹತ್ತು ವರ್ಷ ಬಿಟ್ಟು ಬಾಂಬೆ ಹೈಕೋರ್ಟು ಅಷ್ಟೂ ಜನರನ್ನು ಖುಲಾಸೆ ಮಾಡಿತು. ತಪ್ಪೊಪ್ಪಿಗೆಗಳನ್ನು ನಂಬಲು ಆಗುವುದಿಲ್ಲ, ಗುರುತಿಸಿದ ಸಾಕ್ಷಿಗಳ ಮಾತು ನಿಲ್ಲುವುದಿಲ್ಲ ಅಂದಿತು. ಅವರಲ್ಲಿ ಒಬ್ಬರು ಅಷ್ಟರೊಳಗೆ ಕೋವಿಡ್‌ನಲ್ಲಿ ಜೈಲುವಾಸದಲ್ಲೇ ತೀರಿಹೋಗಿದ್ದರು, ಖುಲಾಸೆ ಆದದ್ದು ಅವರಿಗೆ ಗೊತ್ತೇ ಇಲ್ಲ. ಮೂರೇ ದಿನದಲ್ಲಿ ಸರ್ಕಾರ ಸುಪ್ರೀಂ ಕೋರ್ಟಿನಲ್ಲಿ ನಿಂತಿತು. ಬಿಡುಗಡೆ ಆದವರು ಜೈಲಿಗೆ ಮರಳಬೇಕಿಲ್ಲ, ಆದರೆ ಈ ತೀರ್ಪನ್ನು ಬೇರೆ ಕೇಸುಗಳಿಗೆ ಮಾದರಿ ಮಾಡಬೇಡಿ ಅಂತ ಆದೇಶ ಆಯಿತು.

ಅದೇ ತಿಂಗಳ 31ಕ್ಕೆ 2008ರ ಮಾಲೇಗಾಂವ್ ಸ್ಫೋಟದ ಕೇಸಿನಲ್ಲೂ ಎನ್‌ಐಎ ಕೋರ್ಟು ಏಳೂ ಆರೋಪಿಗಳನ್ನು ಬಿಟ್ಟಿತು. ಅಲ್ಲಿ ಸತ್ತವರು ಆರು ಮಂದಿ. ಒಂದು ತೀರ್ಪಿಗೆ ಸಿಹಿ ಹಂಚಿದವರು ಇನ್ನೊಂದಕ್ಕೆ ಬೈದರು, ಬೈದವರು ಸಿಹಿ ಹಂಚಿದರು. ನಮ್ಮ ಬ್ಯಾಂಕಿನವರ ಪ್ರಶ್ನೆ ಮಾತ್ರ ಎರಡೂ ಕಡೆ ಹಾಗೇ ಉಳಿಯಿತು. ಕಾನೂನು ಬಿಗಿ ಇದ್ದರೆ ತನಿಖೆ ಚೆನ್ನಾಗಿ ಆಗುತ್ತದೆ ಅನ್ನುವುದು ನಮ್ಮ ಭ್ರಮೆ. ತಪ್ಪೊಪ್ಪಿಗೆ ನಡೆಯುತ್ತದೆ, ಆರೋಪಿಗೆ ಜಾಮೀನು ಸಿಗುವುದಿಲ್ಲ ಅಂತ ಗೊತ್ತಿದ್ದರೆ ಬೇರೆ ಸಾಕ್ಷ್ಯ ಹುಡುಕುವ ಅವಸರ ಯಾರಿಗೆ?

ಕಸಬ್‌ನಂಥವನಿಗೆ ವಕೀಲ ಯಾಕೆ ಬೇಕಿತ್ತು?

ಬೇಕಿತ್ತು. ಸಹಾಯಕ ಸಬ್ ಇನ್‌ಸ್ಪೆಕ್ಟರ್ ತುಕಾರಾಂ ಓಂಬಳೆ ಗಿರ್‌ಗಾಂವ್ ಚೌಪಾಟಿಯ ಹತ್ತಿರ ಗುಂಡು ತಿಂದು ಅವನನ್ನು ಜೀವಂತ ಹಿಡಿಯಲು ಕಾರಣರಾದರು. ಕೋರ್ಟು ಅವನಿಗೆ ವಕೀಲರನ್ನು ಕೊಟ್ಟಿತು, ಸಾಕ್ಷಿಗಳನ್ನು ಪಾಟೀಸವಾಲು ಮಾಡಲು ಬಿಟ್ಟಿತು. 2010ರ ಮೇಯಲ್ಲಿ ಗಲ್ಲು ಶಿಕ್ಷೆ, 2011ರಲ್ಲಿ ಹೈಕೋರ್ಟು, 2012ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು, ನವೆಂಬರ್ 21ಕ್ಕೆ ಪುಣೆಯ ಯರವಡಾದಲ್ಲಿ ನೇಣು. ಘಟನೆಯಾಗಿ ನಾಲ್ಕು ವರ್ಷದೊಳಗೆ ಎಲ್ಲ ಮುಗಿಯಿತು, ವಕೀಲರನ್ನು ಕೊಟ್ಟೇ. ಕೈಯಾರೆ ಸಿಕ್ಕವನು, ಫೋಟೋ ಇತ್ತು, ಸುಲಭದ ಕೇಸು ಅಂತೀರಾ? ಸರಿ. ಆದರೂ ಹಕ್ಕು ಕೊಟ್ಟರೆ ಕೇಸು ತಡವಾಗುತ್ತದೆ ಅನ್ನುವವರಿಗೆ ನಾನು ಈ ತಾರೀಖುಗಳನ್ನೇ ತೋರಿಸುವುದು.

ನಾವು ತಪ್ಪು ಮಾಡಿಲ್ಲ, ನಮಗ್ಯಾಕೆ ಭಯ?

ನನ್ನ ಪರಿಚಯದ ಒಂದು ಹೋಟೆಲಿನಲ್ಲಿ ನಡೆದದ್ದು ಹೇಳುತ್ತೇನೆ. ಯಾವ ಹೋಟೆಲು, ಯಾವ ಸ್ಟೇಷನ್ನು ಅಂತ ಕೇಳಬೇಡಿ. ರೈಲು ಸ್ಫೋಟ ಆದ ಮುಂದಿನ ವಾರ. ಹುಡುಗರು ಮಲಗುವ ಮಾಳಿಗೆಗೆ ಪೊಲೀಸರು ಬಂದರು. ಉತ್ತರ ಕನ್ನಡ ಕಡೆಯ ಒಬ್ಬ ಮಾಣಿ, ಇಪ್ಪತ್ತೊಂದು ವಯಸ್ಸು, ತನ್ನ ರೇಷನ್ ಕಾರ್ಡಿನ ಜೆರಾಕ್ಸನ್ನು ಯಾರಿಗೋ ಸಿಮ್ ತೆಗೆಯಲು ಕೊಟ್ಟಿದ್ದ. ಆಗ ಎಲ್ಲರೂ ಕೊಡುತ್ತಿದ್ದರು, ನಾನೂ ಕೊಟ್ಟಿದ್ದೇನೆ. ಆ ಸಿಮ್ ಯಾವುದೋ ಪಟ್ಟಿಯಲ್ಲಿ ಬಂತಂತೆ. ಮೊದಲ ದಿನ ಯೂನಿಫಾರ್ಮಿನಲ್ಲೇ ಹೋದ, ಜೇಬಿನಲ್ಲಿ ಆರ್ಡರ್ ಬರೆಯುವ ಚೀಟಿ ಪುಸ್ತಕ ಹಾಗೇ ಇತ್ತು. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಬೆಂಚಿನ ಮೇಲೆ ಕೂರುವುದು, ರಾತ್ರಿ ಬರುವುದು. ಆರು ದಿನ. ನೋಟಿಸು ಇಲ್ಲ, ಬರಹ ಇಲ್ಲ. ಯಾರೂ ಹೊಡೆಯಲಿಲ್ಲ, ಅದನ್ನೂ ಹೇಳಬೇಕು. ಏಳನೇ ದಿನ ಬರಬೇಡ ಅಂದರು.

ಇಷ್ಟೇ ಆಗಿದ್ದರೆ ಸರಿ. ಎಂಟನೇ ದಿನ ಧನಿ ಅವನನ್ನು ಗಲ್ಲಾದ ಹತ್ತಿರ ಕರೆದು, ಲೆಕ್ಕ ಮಾಡಿ ಸಂಬಳ ಕೊಟ್ಟು, "ಸ್ವಲ್ಪ ದಿನ ಊರಿಗೆ ಹೋಗಿ ಬಾ" ಅಂದರು. ಹೋದವನು ಬರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಅದು. ಧನಿಯೂ ಕೆಟ್ಟವರಲ್ಲ, ಅವರಿಗೆ ಲೈಸೆನ್ಸಿನ ಚಿಂತೆ.

ಸ್ಟೇಷನ್‌ಗೆ ಬಾ ಅಂದರೆ ಏನು ಮಾಡಬೇಕು?

ಹೋಗಿ. ತಪ್ಪಿಸಿಕೊಳ್ಳುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ಆದರೆ ಬರಹದಲ್ಲಿ ನೋಟಿಸ್ ಕೊಡಿ ಅಂತ ಮರ್ಯಾದೆಯಿಂದ ಕೇಳಿ. ಸಾಕ್ಷಿಯಾಗಿ ಕರೆಯುವುದಾದರೆ ಲಿಖಿತ ಆದೇಶ ಬೇಕು ಅಂತ ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಸೆಕ್ಷನ್ ಹೇಳುತ್ತದೆ. ಒಬ್ಬರೇ ಹೋಗಬೇಡಿ, ಮನೆಯಲ್ಲಿ ಹೇಳಿ ಹೋಗಿ. ಓದಲು ಬಾರದ ಮರಾಠಿ ಕಾಗದಕ್ಕೆ ಸಹಿ ಹಾಕಬೇಡಿ. ನಮ್ಮವರಿಗೆ ಮರಾಠಿ ಮಾತು ಬರುತ್ತದೆ, ಕೈಬರಹ ಓದಲು ಬರುವುದಿಲ್ಲ, ನಾಚಿಕೆಗೆ ಸಹಿ ಹಾಕಿಬಿಡುತ್ತಾರೆ.

ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು, ದಾರಿಯ ಸಮಯ ಲೆಕ್ಕವಿಲ್ಲ. ಇದು ಸಂವಿಧಾನದ 22ನೇ ವಿಧಿ, ಯುಎಪಿಎ ಆದರೂ ಅಷ್ಟೇ. ಯಾಕೆ ಬಂಧಿಸಿದ್ದು ಅಂತ ಬರೆದು ಕೊಡಬೇಕು ಎಂದು 2024ರ ಮೇಯಲ್ಲಿ ಯುಎಪಿಎ ಕೇಸೊಂದರಲ್ಲೇ ಸುಪ್ರೀಂ ಕೋರ್ಟು ಹೇಳಿದೆ, ಹಾಗೆ ಕೊಡದ ಕಾರಣಕ್ಕೇ ಆ ಬಂಧನ ರದ್ದಾಯಿತು.

ವಾಟ್ಸಾಪ್ ಫಾರ್ವರ್ಡ್ ಮಾಡಿದರೂ ಹಿಡಿಯುತ್ತಾರಾ?

ಸುಮ್ನೆ ಒಂದು ಫಾರ್ವರ್ಡಿಗೆ ಯುಎಪಿಎ ಹಾಕುವುದು ದಿನಬೆಳಗಾದರೆ ನಡೆಯುವುದಲ್ಲ. ಆದರೆ ಪಾಲ್ಘರ್ ನೆನಪಿದೆಯಾ? 2012ರ ನವೆಂಬರಿನಲ್ಲಿ ಬಾಳ್ ಠಾಕ್ರೆ ತೀರಿಕೊಂಡಾಗ ಊರು ಯಾಕೆ ಬಂದ್ ಮಾಡಬೇಕು ಅಂತ ಒಬ್ಬ ಹುಡುಗಿ ಫೇಸ್‌ಬುಕ್ಕಿನಲ್ಲಿ ಬರೆದಳು, ಇನ್ನೊಬ್ಬಳು ಲೈಕ್ ಒತ್ತಿದಳು. ಇಬ್ಬರನ್ನೂ ಬಂಧಿಸಿದರು. ಅಲ್ಲಿ ಬಳಸಿದ ಐಟಿ ಕಾಯ್ದೆಯ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟು 2015ರ ಮಾರ್ಚಿನಲ್ಲಿ ಹೊಡೆದುಹಾಕಿತು. ಅದು ಭಯೋತ್ಪಾದನೆಯ ಕಾನೂನಲ್ಲ, ಆದರೂ ಇಲ್ಲಿ ಯಾಕೆ ಹೇಳಿದೆ ಅಂದರೆ, ಪದಗಳು ಅಗಲ ಇದ್ದಷ್ಟೂ ಅದರೊಳಗೆ ಯಾರನ್ನು ಬೇಕಾದರೂ ಕೂರಿಸಬಹುದು.

ಸ್ಟ್ಯಾನ್ ಸ್ವಾಮಿ ವಿಷಯ ಏನು?

ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನಲ್ಲಿ ಹತ್ತು ವರ್ಷ ಇದ್ದು, ಆಮೇಲೆ ಝಾರ್ಖಂಡಿನಲ್ಲಿ ಆದಿವಾಸಿಗಳ ನಡುವೆ ಕೆಲಸ ಮಾಡಿದ ಜೆಸ್ವಿಟ್ ಪಾದ್ರಿ. ಪುಣೆಯ ಶನಿವಾರ ವಾಡಾದಲ್ಲಿ 2017ರ ಡಿಸೆಂಬರ್ 31ಕ್ಕೆ ನಡೆದ ಎಲ್ಗಾರ್ ಪರಿಷತ್ತು ಎಂಬ ಸಭೆ, ಮರುದಿನ ಭೀಮಾ ಕೋರೆಗಾಂವ್ ಗಲಭೆ, ಆ ಕೇಸಿನಲ್ಲಿ ಹಿಡಿದ 16 ಜನರಲ್ಲಿ ಕೊನೆಯವರು. ಮಾವೋವಾದಿಗಳ ಸಂಪರ್ಕ ಅಂತ ಆರೋಪ, ಅವರು ಒಪ್ಪಲಿಲ್ಲ. ಪಾರ್ಕಿನ್ಸನ್ಸ್‌ನಿಂದ ಕೈ ನಡುಗಿ ಲೋಟ ಹಿಡಿಯಲು ಆಗುತ್ತಿರಲಿಲ್ಲ, ತಲೋಜಾ ಜೈಲಿನಲ್ಲಿ ಸ್ಟ್ರಾ ಮತ್ತು ಸಿಪ್ಪರ್ ಬೇಕು ಅಂತ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. ಅದಕ್ಕೂ ತಾರೀಖು ಬಿತ್ತು. 2021ರ ಜುಲೈ 5ಕ್ಕೆ, 84ನೇ ವಯಸ್ಸಿನಲ್ಲಿ, ಜಾಮೀನಿನ ಅರ್ಜಿ ಬಾಕಿ ಇರುವಾಗಲೇ ಮುಂಬಯಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದೇ ಕೇಸಿನಲ್ಲಿ 2018ರಲ್ಲಿ ಬಂಧಿಸಿದ್ದ ಇಬ್ಬರಿಗೆ ಬಾಂಬೆ ಹೈಕೋರ್ಟು ಜಾಮೀನು ಕೊಟ್ಟದ್ದು 2025ರ ಜನವರಿಯಲ್ಲಿ. ಅಷ್ಟು ವರ್ಷವಾದರೂ ವಿಚಾರಣೆ ಶುರು ಆಗಿರಲಿಲ್ಲ. ಸ್ವಾಮಿಯವರ ವಿಚಾರ ನನಗೆ ಒಪ್ಪಿಗೆಯಾ ಅಂತ ಕೇಳಿದರೆ ಅದು ಬೇರೆ ಮಾತು. ನೀರು ಕುಡಿಯುವ ನಳಿಗೆಗೆ ವಿಚಾರ ಯಾಕೆ?

ಇದೆಲ್ಲ ಈಗಿನ ಸರ್ಕಾರದ ಕೆಲಸ ಅಲ್ವಾ?

ಅಲ್ಲ. ಟಾಡಾ ತಂದದ್ದು ಕಾಂಗ್ರೆಸ್, ಪೋಟಾ ತಂದದ್ದು ಬಿಜೆಪಿಯ ಕೂಟ. 2008ರಲ್ಲಿ ಜಾಮೀನಿನ ಬಾಗಿಲು ಹಾಕಿದ್ದು ಮತ್ತೆ ಕಾಂಗ್ರೆಸ್ ಕೂಟ. 2019ರದ್ದು ಬಿಜೆಪಿ. ವಿರೋಧ ಪಕ್ಷದಲ್ಲಿ ಕೂತಾಗ ಎಲ್ಲರಿಗೂ ಸ್ವಾತಂತ್ರ್ಯ ನೆನಪಾಗುತ್ತದೆ.

ನಮ್ಮವರದೇ ಉದಾಹರಣೆ ಬೇಕಾ? ಜಾರ್ಜ್ ಫರ್ನಾಂಡಿಸ್. ಮಂಗಳೂರಿನಿಂದ ಬಂದು ಈ ಊರಿನ ಟ್ಯಾಕ್ಸಿಯವರ, ಹೋಟೆಲು ಕಾರ್ಮಿಕರ ನಾಯಕರಾದವರು, 1967ರಲ್ಲಿ ಕಾಂಗ್ರೆಸ್ಸಿನ ದೊಡ್ಡ ನಾಯಕ ಎಸ್. ಕೆ. ಪಾಟೀಲರನ್ನು ಸೋಲಿಸಿದವರು. ತುರ್ತು ಪರಿಸ್ಥಿತಿಯಲ್ಲಿ, ಸ್ಫೋಟಕ್ಕೆ ಡೈನಮೈಟ್ ಸಂಗ್ರಹಿಸಿದ ಆರೋಪದ ಬರೋಡಾ ಡೈನಮೈಟ್ ಕೇಸಿನಲ್ಲಿ ಕೈಕೋಳ ಹಾಕಿಸಿಕೊಂಡು, ಜೈಲಿನಿಂದಲೇ 1977ರ ಚುನಾವಣೆ ಗೆದ್ದರು. ಅದೇ ಕೇಸಿನ ನಂಟಿನಲ್ಲಿ ನಟಿ ಸ್ನೇಹಲತಾ ರೆಡ್ಡಿಯವರನ್ನು ಹಿಡಿದು ಬೆಂಗಳೂರು ಜೈಲಿನಲ್ಲಿಟ್ಟರು. ಆಸ್ತಮಾ ಇದ್ದ ಆ ಹೆಣ್ಣುಮಗಳು ಹೊರಗೆ ಬಂದ ಕೆಲವೇ ದಿನಕ್ಕೆ, 1977ರ ಜನವರಿ 20ಕ್ಕೆ, ತೀರಿಕೊಂಡರು. ಇದನ್ನೆಲ್ಲ ಮೈಮೇಲೆ ಅನುಭವಿಸಿದ ಜಾರ್ಜ್, ಪೋಟಾ ಪಾಸಾದ ದಿನ ಅದೇ ಸರ್ಕಾರದ ರಕ್ಷಣಾ ಮಂತ್ರಿ. ಎಲ್ಲ ಬಿಟ್ಟು ಇದನ್ನೇ ನಾನು ತುಂಬಾ ಸಲ ಯೋಚಿಸುತ್ತೇನೆ.

ಎಷ್ಟು ಜನರಿಗೆ ಶಿಕ್ಷೆ ಆಗಿದೆ?

ಕೇಂದ್ರ ಸರ್ಕಾರವೇ 2021ರಲ್ಲಿ ರಾಜ್ಯಸಭೆಗೆ ಕೊಟ್ಟ ಲೆಕ್ಕ: 2016ರಿಂದ 2019ರವರೆಗೆ ಯುಎಪಿಎಯಲ್ಲಿ ಬಂಧನ 5,922, ಶಿಕ್ಷೆ 132. ಆ ಶಿಕ್ಷೆಯಾದವರು ಹಿಂದೆ ಯಾವಾಗಲೋ ಹಿಡಿದವರೂ ಆಗಿರಬಹುದು, ಹಾಗಾಗಿ ಭಾಗಿಸಿ ಶೇಕಡಾ ತೆಗೆಯಬೇಡಿ. ಆದರೂ ಎರಡು ಅಂಕಿಯನ್ನು ಪಕ್ಕ ಪಕ್ಕ ಇಟ್ಟು ನೋಡಿ.

ಮಹಾರಾಷ್ಟ್ರದ ಹೊಸ ಜನ ಸುರಕ್ಷಾ ಮಸೂದೆ?

2025ರ ಜುಲೈಯಲ್ಲಿ ವಿಧಾನಸಭೆ, ವಿಧಾನ ಪರಿಷತ್ತು ಎರಡರಲ್ಲೂ ಪಾಸಾಯಿತು. ನಗರ ನಕ್ಸಲರನ್ನು ತಡೆಯಲು ಅಂತ ಸರ್ಕಾರ ಹೇಳಿತು. ಸಂಘಟನೆಯನ್ನು ಕಾನೂನುಬಾಹಿರ ಅಂತ ಘೋಷಿಸಬಹುದು, ಎರಡರಿಂದ ಏಳು ವರ್ಷದವರೆಗೆ ಶಿಕ್ಷೆ. ಜನರಿಂದ 12,000ಕ್ಕೂ ಹೆಚ್ಚು ಸಲಹೆ, ಆಕ್ಷೇಪ ಬಂದಿದ್ದವು. ಮೊದಲ ಕರಡಿಗಿಂತ ಸ್ವಲ್ಪ ಇಕ್ಕಟ್ಟು ಮಾಡಿದ್ದಾರೆ, ಅದು ಒಳ್ಳೆಯದೇ. ಆದರೆ ಯುಎಪಿಎ ಇರುವಾಗ ಇನ್ನೊಂದು ಯಾಕೆ ಅನ್ನುವುದಕ್ಕೆ ನನಗೆ ಸಮಾಧಾನದ ಉತ್ತರ ಸಿಕ್ಕಿಲ್ಲ.

ನಿಮ್ಮದು ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಆಯಿತಲ್ಲ! ಕಾನೂನೂ ಬೇಕು, ಜಾಮೀನೂ ಬೇಕು?

ಹೌದು, ಎರಡೂ ಬೇಕು. ಕಾನೂನು ಇರಲಿ. ಎರಡು ವರ್ಷದಲ್ಲಿ ವಿಚಾರಣೆ ಮುಗಿಸಲು ಆಗದಿದ್ದರೆ 43ಡಿಯ ಬಿಗಿ ತಾನಾಗಿ ಸಡಿಲ ಆಗಿ, ಮಾಮೂಲಿ ಜಾಮೀನಿನ ನಿಯಮ ನಡೆಯಲಿ. ಆಗ ತನಿಖೆಯವರಿಗೂ, ಸರ್ಕಾರಿ ವಕೀಲರಿಗೂ ಅವಸರ ಹುಟ್ಟುತ್ತದೆ. ವಿಶೇಷ ಕೋರ್ಟು ಅಂತ ಬೋರ್ಡು ಹಾಕಿ ಅದೇ ಜಡ್ಜಿಗೆ ಬೇರೆ ನೂರು ಕೇಸು ಕೊಡುವುದು ನಿಲ್ಲಲಿ. ಖುಲಾಸೆಯಾದವರಿಗೆ ಪರಿಹಾರ ಇರಲಿ, ಸ್ಫೋಟದಲ್ಲಿ ನೊಂದವರಿಗೆ ಕೇಸಿನ ತಾರೀಖುಗಳನ್ನು ಯಾರಾದರೂ ಕರೆದು ತಿಳಿಸಲಿ. ನಮ್ಮ ಬ್ಯಾಂಕಿನವರಿಗೆ ತೀರ್ಪಿನ ಸುದ್ದಿ ಗೊತ್ತಾದದ್ದು ಟಿವಿಯಿಂದ.

ಕೊನೆಗೆ ಒಂದು: ಮೀರಾ ರೋಡಿನ ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟಿದ್ದೇನೆ. ಪೊಲೀಸರಿಗೆ ತಿಳಿಸಲೇಬೇಕಾ?

ತಿಳಿಸಿ. ಬಾಡಿಗೆದಾರರ ಫೋಟೋ, ಗುರುತಿನ ಚೀಟಿ, ಊರಿನ ವಿಳಾಸ ಕೊಟ್ಟರೆ ಮುಗಿಯಿತು, ಈಗ ಆನ್‌ಲೈನಿನಲ್ಲೂ ಆಗುತ್ತದೆ. ತಿಳಿಸದಿದ್ದರೆ ಆದೇಶ ಮೀರಿದ್ದಕ್ಕೆ ಮನೆ ಮಾಲೀಕರ ಮೇಲೇ ಕೇಸು ಆಗಬಹುದು. ಕೊಟ್ಟ ಕಾಗದದ ಒಂದು ಪ್ರತಿ, ಸ್ವೀಕೃತಿ ಸಮೇತ, ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಜೆರಾಕ್ಸಿನ ಮೇಲೆ ಯಾವುದಕ್ಕೆ ಕೊಟ್ಟದ್ದು ಅಂತ ಅಡ್ಡ ಗೆರೆ ಎಳೆದು ಬರೆದು, ತಾರೀಖು ಹಾಕಿ.